ಬದಿಯಿಂದ ಬಂದ ಗೆಲುವು

ಮಣೆಯ ನಡುವನ್ನು ಮೊದಲು ಹಿಡಿದವನೇ ಬಲಶಾಲಿ ಎಂಬುದು ಚದುರಂಗದಲ್ಲಿ ಬಹುಕಾಲ ನಡೆದುಬಂದ ಪಾಠ. ಬಾಳಿನಲ್ಲಿಯೂ ನಾವು ಇದನ್ನೇ ನಂಬಿ, ಬದಿಯಲ್ಲಿ ನಿಂತವರನ್ನು ಹಿಂದುಳಿದವರೆಂದು ಎಣಿಸುತ್ತೇವೆ. ಈ ಎಣಿಕೆ ಪೂರ್ಣ ಸತ್ಯವಲ್ಲವೆಂಬುದಕ್ಕೆ 1924ರ ಮಾರ್ಚ್ 22ರಂದು ನ್ಯೂಯಾರ್ಕಿನಲ್ಲಿ ನಡೆದ ಒಂದು ಆಟವೇ ಸಾಕ್ಷಿ.

ಆ ಪಂದ್ಯಾವಳಿ ನಡೆದದ್ದು ಅಲಮ್ಯಾಕ್ ಎಂಬ ಹೋಟೆಲಿನಲ್ಲಿ ಎಂಬುದು ನಮ್ಮ ವಾಚಕರಲ್ಲಿ ಅನೇಕರಿಗೆ ಹಿತವಾದ ಸಂಗತಿಯೇ ಸರಿ. ಕ್ಯೂಬಾದ ಕಪಬ್ಲಾಂಕಾ ಅವರು ಆಗ ಜಗಜ್ಜೇತರು. 8 ವರ್ಷಗಳಿಂದ ಸೋಲನ್ನೇ ಕಾಣದವರು. ಅವರೆದುರು ಬಿಳಿಯ ಕಾಯಿಗಳನ್ನು ಹಿಡಿದು ಕುಳಿತವರು ಚೆಕೊಸ್ಲೊವಾಕಿಯದ ರಿಚರ್ಡ್ ರೇಟಿ.

ರೇಟಿಯವರು ನಡುವಿನ ಕಾಲಾಳುಗಳನ್ನು ಮುನ್ನುಗ್ಗಿಸಲಿಲ್ಲ. ಮೊದಲು ಕುದುರೆಯನ್ನು ಹೊರತಂದರು. ಬಳಿಕ ಪಕ್ಕದ ಕಾಲಾಳುಗಳನ್ನು ಮುಂದಿಟ್ಟು, ಎರಡು ಒಂಟೆಗಳನ್ನೂ ಅಂಚಿನ ಬಳಿ ನಿಲ್ಲಿಸಿದರು. ಮೊದಲ 15 ನಡೆಗಳಲ್ಲಿ ನಟ್ಟನಡುವಿನ ನಾಲ್ಕು ಮನೆಗಳ ಪೈಕಿ ಒಂದರಲ್ಲಿಯೂ ಅವರ ಕಾಯಿ ಕಾಲಿಡಲಿಲ್ಲ. ಇದು ಅಂಜಿಕೆಯಂತೆ ತೋರಬಹುದು. ಆದರೆ ಆ ಒಂಟೆಗಳ ದೃಷ್ಟಿ ಓರೆಯಾಗಿ ಮಣೆಯ ನಡುವಿನ ಮೇಲೆಯೇ ನೆಟ್ಟಿತ್ತು. 16ನೆಯ ನಡೆಯಲ್ಲಿ ಕಾಲಾಳೊಂದು ನಡುವಿಗೆ ನುಗ್ಗಿತು, ದಾರಿ ತೆರೆಯಿತು. 31ನೆಯ ನಡೆಯಲ್ಲಿ ಅವರ ಆನೆಯು ನಡುವಿನ ಮನೆಯೊಂದಕ್ಕೆ ಬಂದು ನಿಂತಾಗ ಜಗಜ್ಜೇತರು ಸೋಲನ್ನೊಪ್ಪಿದರು.

ಒಂದು ಗೆಲುವಿನಿಂದ ರೇಟಿಯವರಿಗೆ ಕಿರೀಟ ದೊರೆಯಲಿಲ್ಲ. ಪಂದ್ಯಾವಳಿಯಲ್ಲಿ ಮೊದಲಿಗರಾದವರು 55 ವರ್ಷದ ಲಾಸ್ಕರ್. ರೇಟಿಯವರದು 5ನೆಯ ಸ್ಥಾನ. ಆದರೂ ಆ ಬಗೆಯ ಆರಂಭಕ್ಕೆ ಇಂದಿಗೂ ಅವರದೇ ಹೆಸರು.

ಪರನಗರಗಳಲ್ಲಿ ದುಡಿಯುವ ನಮ್ಮ ತರುಣರು ಇದರಿಂದ ಅರಿಯಬೇಕಾದುದುಂಟು. ಅಡಿಗೆಮನೆಯ ಮೂಲೆಯಲ್ಲಿಯೋ ಕಚೇರಿಯ ಕೊನೆಯ ಮೇಜಿನಲ್ಲಿಯೋ ಇರುವುದು ಕೀಳೆಂದು ಭಾವಿಸಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಮುಂಬಯಿಯ ಕನ್ನಡಿಗರು ಬದಿಯಿಂದಲೇ ಆಡಿ ಗೆದ್ದವರು. ಆದರೆ ಗುರಿಯಿಲ್ಲದೆ ಕಾಯುವುದನ್ನು ತಾಳ್ಮೆಯೆಂದು ಕರೆಯಲು ನಾವು ಸಿದ್ಧರಿಲ್ಲ. ಅದಕ್ಕೆ ಆಲಸ್ಯವೆಂದೇ ಹೆಸರು. ರೇಟಿಯವರು 15 ನಡೆಗಳಲ್ಲಿ ಸಿದ್ಧತೆ ಮಾಡಿದರು, 16ನೆಯದರಲ್ಲಿ ಹಿಂಜರಿಯಲಿಲ್ಲ.

ನಮ್ಮ ಸಂಘಗಳ ವಾಚನಾಲಯಗಳಲ್ಲಿ ಇಸ್ಪೀಟಿನ ಪಕ್ಕದಲ್ಲಿ ಒಂದು ಚದುರಂಗದ ಮಣೆಯೂ ಇರಲಿ. ಅದರ ವೆಚ್ಚ ಅಲ್ಪ. ಬಿಡುವಿನ ಒಂದು ಸಂಜೆ ಇಬ್ಬರು ಎದುರುಬದುರು ಕುಳಿತು ಈ 31 ನಡೆಗಳನ್ನು ಮತ್ತೆ ಆಡಿ ನೋಡಲಿ ಎಂದು ನಾವು ಬಯಸುತ್ತೇವೆ.