ತಾಯಿಗೂ ವಿಶ್ರಾಂತಿ

ಸ್ವಿಟ್ಜರ್ಲೆಂಡ್ ದೇಶದ ಲೌಟರ್‌ಬ್ರುನ್ನೆನ್ ಕಣಿವೆಯ ಮೇಲ್ಗಡೆ, 1274 ಮೀಟರು ಎತ್ತರದಲ್ಲಿ, ವೆಂಗೆನ್ ಎಂಬ ಗ್ರಾಮವಿರುವುದು. ಪ್ರವಾಸಿಗಳು ಅಲ್ಲಿಗೆ ಮೋಟಾರಿನಲ್ಲಿ ಹೋಗುವಂತಿಲ್ಲ. 1893ರಲ್ಲಿ ಆರಂಭವಾದ, ಹಲ್ಲುಳ್ಳ ಹಳಿಯನ್ನು ಕಚ್ಚಿ ಏರುವ ರೈಲಿನಲ್ಲಿ ಹೋಗುವರು. ಆದುದರಿಂದ ಬೀದಿಯಲ್ಲಿ ಮಕ್ಕಳು ಓಡಾಡಿದರೆ ತಾಯಂದಿರು ಅಷ್ಟಾಗಿ ಅಂಜಬೇಕಾದುದಿಲ್ಲ.

ಆದರೂ ಅಲ್ಲಿಗೆ ಬಂದ ಕುಟುಂಬಗಳಲ್ಲಿ ಹಲವು, ಅದೇ ದಿನ 3454 ಮೀಟರು ಎತ್ತರದ ಯುಂಗ್‌ಫ್ರೌಯೋಖ್ ನಿಲ್ದಾಣವನ್ನೂ ಕಂಡು ಬರಲು ಆತುರಪಡುವುವು. 1912ರಲ್ಲಿ ಅಲ್ಲಿಯ ತನಕ ರೈಲುದಾರಿಯನ್ನು ಮುಗಿಸಿದವರ ಸಾಹಸವು ಸ್ತುತ್ಯವೇ ಸರಿ. ಆದರೆ ಇಂತಹ ಆತುರದ ಪ್ರವಾಸದಲ್ಲಿ ಬುತ್ತಿ ಕಟ್ಟುವವಳೂ ಮಕ್ಕಳಿಗೆ ಉಣ್ಣೆಯಂಗಿ ತೊಡಿಸುವವಳೂ ಸಾಮಾನ್ಯವಾಗಿ ತಾಯಿಯೇ. ಉಳಿದವರು ಪರ್ವತವನ್ನು ನೋಡುವರು; ಆಕೆಯು ಗಡಿಯಾರವನ್ನು ನೋಡುವಳು.

ಒಂದು ದಿನವನ್ನಾದರೂ ಗ್ರಾಮದಲ್ಲಿಯೇ ಕಳೆಯುವುದು ಮೇಲೆಂದು ನನ್ನ ಅಭಿಪ್ರಾಯ. ಯುಂಗ್‌ಫ್ರೌ ಶಿಖರವು ಅಲ್ಲಿಂದಲೂ ಕಾಣುವುದು. ತಂದೆಯು ಬುತ್ತಿಯನ್ನು ಹೊರಲಿ, ಮಕ್ಕಳು ಪಾತ್ರೆಗಳನ್ನು ತೊಳೆಯಲಿ, ತಾಯಿಯು ಸುಮ್ಮನೆ ಕುಳಿತು ಹಿಮರಾಶಿಯನ್ನು ನೋಡಲಿ. ಸಬ್ಬತ್ತಿನ ಆಜ್ಞೆಯು ದಾಸದಾಸಿಯರಿಗೂ ಪಶುಗಳಿಗೂ ವಿಶ್ರಾಂತಿಯನ್ನು ವಿಧಿಸಿರುವಾಗ, ಮನೆಯ ತಾಯಿಯೊಬ್ಬಳನ್ನೇ ಅದರಿಂದ ಹೊರಗಿಡುವುದು ನ್ಯಾಯವೇ? ಆಕೆಯ ದಣಿವೂ ಆರಿದ ದಿನವೇ ಕುಟುಂಬದ ನಿಜವಾದ ವಿಹಾರದಿನವು.