ಮನೆಗೊಬ್ಬ ನೀರುಗಂಟಿ

ಹಳೆಯ ಮೈಸೂರು ಸೀಮೆಯ ಕೆರೆಗಳಿಗೆ ನೀರುಗಂಟಿ ಎಂಬ ಒಬ್ಬ ಕಾವಲುಗಾರನಿರುತ್ತಿದ್ದನು. ತೂಬನ್ನು ತೆಗೆಯುವುದು, ಮುಚ್ಚುವುದು, ಗದ್ದೆಯಿಂದ ಗದ್ದೆಗೆ ಸರದಿಯಂತೆ ನೀರು ಹಾಯಿಸುವುದು ಅವನ ಅಧಿಕಾರ. ಏರಿ ಕಾಲುವೆಗಳ ಮೇಲೆ ಕಣ್ಣಿಟ್ಟಿರುವುದು ಅವನ ಕರ್ತವ್ಯ. ಏಡಿ ತೋಡಿದ ಬಿಲದಿಂದ ಎಳೆಯಷ್ಟು ನೀರು ಜಿನುಗಿದರೂ ಅದು ಹಿಡಿ ಮಣ್ಣಿನಲ್ಲಿ ಮುಗಿಯಬೇಕಾದ ಕೆಲಸವೆಂಬುದು ಅವನಿಗೆ ತಿಳಿದಿತ್ತು. ಅದೇ ಬಿಲವನ್ನು ಎರಡು ಮಳೆ ಅಲಕ್ಷಿಸಿದರೆ ಊರಿಗೆ ಊರೇ ಬುಟ್ಟಿ ಗುದ್ದಲಿಗಳೊಡನೆ ಬರಬೇಕಾದೀತು. ಸುಗ್ಗಿಯ ಕಣದಲ್ಲಿ ರೈತರು ಅವನಿಗೆ ಅಳೆದು ಕೊಡುತ್ತಿದ್ದ ಧಾನ್ಯ, ಏರಿಯು ಒಡೆಯದಂತೆ ಕಾದುದಕ್ಕೆ ಸಲ್ಲುತ್ತಿದ್ದ ಸಂಭಾವನೆ.

ನೀರುಗಂಟಿಯೆಂಬ ಹೆಸರು ಇನ್ನೂ ಅಳಿದಿಲ್ಲ. ಮೋಟಾರು ಹಾಕಿ, ವಾಲ್ವು ತಿರುಗಿಸಿ, ಬೀದಿ ಬೀದಿಗೆ ಕುಡಿಯುವ ನೀರು ಬಿಡುವ ಪಂಚಾಯಿತಿಯ ನೌಕರನನ್ನು ಹಳ್ಳಿಗಳಲ್ಲಿ ಇಂದಿಗೂ ಹಾಗೆಯೇ ಕರೆಯುತ್ತಾರೆ. ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ಎನ್. ಬೇಗೂರು ಎಂಬ ಕಾಡಂಚಿನ ಊರಿದೆ. ಬಂಡೀಪುರದ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ಅದರದೇ ಹೆಸರು. ಅದೇ ಸೀಮೆಯ ಬೀಚನಹಳ್ಳಿಯ ಬಳಿ ಕಬಿನಿಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಕಾವೇರಿಯ ನೀರು ಮೊದಲ ಹಂತದ ಯೋಜನೆಯಿಂದ ಬೆಂಗಳೂರಿನ ಮನೆಗಳನ್ನು ಮುಟ್ಟಿದುದೂ ಅದೇ ವರ್ಷ. ಕಬಿನಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಬೆಂಗಳೂರು ನೀರೆತ್ತಿಕೊಳ್ಳುವುದು ಅಲ್ಲಿಂದ ಕೆಳಗೆ, ಶಿವನಸಮುದ್ರದ ಮೇಲ್ಗಡೆಯಲ್ಲಿ. ಹೀಗೆ ಬೇಗೂರಿನ ಸೀಮೆಯ ಹೊಳೆ ಸುಮಾರು 100 ಕಿಲೋಮೀಟರು ಕೊಳವೆಯಲ್ಲಿ ಸಾಗಿ, ಮೂರು ಕಡೆ ಪಂಪುಗಳ ಬಲದಿಂದ ಸುಮಾರು 500 ಮೀಟರು ಮೇಲೇರಿ, ರಾಜಧಾನಿಯ ಅಡಿಗೆಮನೆಯ ನಲ್ಲಿಯಲ್ಲಿ ಇಳಿಯುತ್ತದೆ.

ಇಷ್ಟು ದೂರ ನಡೆದು ಬಂದ ಗಂಗೆಯನ್ನು ಕೊನೆಯ ಹತ್ತು ಅಡಿಯಲ್ಲಿ ಕಾಯುವವರು ಯಾರು? ನಗರದ ಮನೆಯಲ್ಲಿ ನೀರುಗಂಟಿಯಿಲ್ಲ.

"ಏನೂಂದ್ರೆ, ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿದೆ."

"ಭಾನುವಾರ ನೋಡೋಣ ಕಣೇ. ಸದ್ಯಕ್ಕೆ ಕೆಳಗೊಂದು ಬಕೀಟು ಇಡು."

ಈ ಸಂವಾದ ನಡೆಯದ ಮನೆ ವಿರಳ. ಭಾನುವಾರಗಳು ಬರುತ್ತವೆ, ಹೋಗುತ್ತವೆ. ಬಕೀಟು ಮಾತ್ರ ಅಲ್ಲಿಯೇ ಇರುತ್ತದೆ. ಒಂದು ಲೀಟರು ಹಿಡಿಯುವ ಪಾತ್ರೆಯೊಂದನ್ನು ಆ ನಲ್ಲಿಯ ಕೆಳಗಿಟ್ಟು ಗಡಿಯಾರ ನೋಡಿದರೆ ಸಾಕು, ಲೆಕ್ಕ ಕೈಗೆ ಸಿಗುತ್ತದೆ. ಗಂಟೆಗೆ ಒಂದು ಪಾತ್ರೆ ತುಂಬಿದರೆ ದಿನಕ್ಕೆ 24 ಲೀಟರು, ವರ್ಷಕ್ಕೆ 8,760 ಲೀಟರು. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ಗೊತ್ತುಮಾಡಿದ ಪ್ರಮಾಣ 55 ಲೀಟರು. ಕುಡಿಯಲು, ಅಡಿಗೆಗೆ, ಸ್ನಾನಕ್ಕೆ, ಬಟ್ಟೆಗೆ ಎಲ್ಲಕ್ಕೂ ಸೇರಿ ಅಷ್ಟು. ಅದರಲ್ಲಿ ಅರ್ಧಕ್ಕೆ ಸ್ವಲ್ಪವೇ ಕಡಮೆಯಾದ ಪಾಲನ್ನು ಪಟ್ಟಣದ ಒಂದು ನಲ್ಲಿ ಯಾರಿಗೂ ಬಾರದಂತೆ ಬಚ್ಚಲಿಗೆ ಒಪ್ಪಿಸುತ್ತದೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ ಬೆಂಗಳೂರಿನ ಜಲಮಂಡಲಿ 5,000 ರೂಪಾಯಿ ದಂಡ ವಿಧಿಸಿತು. ತೊಟ್ಟಿಕ್ಕುವ ನಲ್ಲಿಗೆ ದಂಡ ವಿಧಿಸುವವರಿಲ್ಲ. ಆದುದರಿಂದಲೇ ಅದು ನಿಶ್ಚಿಂತೆಯಿಂದ ತೊಟ್ಟಿಕ್ಕುತ್ತದೆ.

ನಷ್ಟವು ನೀರಿಗೆ ಮಾತ್ರ ಸೀಮಿತವಲ್ಲ. ಗೋಡೆಯೊಳಗೆ ಜಿನುಗುವ ಕೊಳವೆ ಸುಣ್ಣಬಣ್ಣವನ್ನು ಮೊದಲು ತಿನ್ನುತ್ತದೆ, ಗಾರೆಯನ್ನು ಆಮೇಲೆ, ಕೊನೆಗೆ ಕೆಳಗಿನ ಮನೆಯವರ ಸ್ನೇಹವನ್ನು. ದಿನ ಬಿಟ್ಟು ದಿನ ನೀರು ಬರುವ ಬೀದಿಗಳಲ್ಲಿ ಇನ್ನೊಂದು ಅಪಾಯವುಂಟು. ನೀರು ನಿಂತಾಗ ಕೊಳವೆಯ ಒಳಗಿನ ಒತ್ತಡ ಇಳಿಯುತ್ತದೆ. ಆಗ ನೀರು ಹೊರಹೋಗುತ್ತಿದ್ದ ಬಿರುಕಿನಿಂದಲೇ ನೆಲದ ಕೊಳಕು ಒಳನುಗ್ಗಬಲ್ಲದು. ಚರಂಡಿಯ ಪಕ್ಕದಲ್ಲಿ ಸೋರುವ ಕೊಳವೆಯನ್ನು ಕಂಡೂ ಕಾಣದಂತಿರುವುದು ಮನೆಯ ಮಕ್ಕಳ ಹೊಟ್ಟೆಯೊಡನೆ ಆಡುವ ಆಟ.

ಹಾಗಾದರೆ ಮನೆಯ ನೀರುಗಂಟಿಯ ದಿನಚರಿ ಹೇಗಿರಬೇಕು? ಅದಕ್ಕೆ ಬೇಕಾದುದು ವಿದ್ಯೆಯಲ್ಲ, ಕ್ರಮ.

ವಾರಕ್ಕೊಮ್ಮೆ ಆಗಬೇಕಾದುದು ಒಂದು ಸುತ್ತು. ಪ್ರತಿಯೊಂದು ನಲ್ಲಿಯನ್ನೂ ತೆರೆದು ಮುಚ್ಚಿ ನೋಡುವುದು, ಸಿಂಕಿನ ಕೆಳಗೆ ಕೈಯಾಡಿಸಿ ತೇವವಿದೆಯೇ ಎಂದು ಪರೀಕ್ಷಿಸುವುದು. ಬಳಕೆಯಿಲ್ಲದ ಬಚ್ಚಲಿದ್ದರೆ ಅದರ ತೂತಿಗೆ ಒಂದೆರಡು ಚೊಂಬು ನೀರು ಹಾಕುವುದು. ಅಲ್ಲಿಯ ಬಾಗಿದ ಕೊಳವೆಯಲ್ಲಿ ನಿಂತ ನೀರೇ ಚರಂಡಿಯ ದುರ್ವಾಸನೆಗೂ ಜಿರಲೆಗೂ ಬಾಗಿಲು; ಅದು ಒಣಗಿದರೆ ಬಾಗಿಲು ತೆರೆದಂತೆ.

ತಿಂಗಳಿಗೊಮ್ಮೆ ಎರಡು ಪರೀಕ್ಷೆಗಳು. ರಾತ್ರಿ ಎಲ್ಲರೂ ಮಲಗುವ ಮುನ್ನ ನಲ್ಲಿಗಳನ್ನೆಲ್ಲ ಮುಚ್ಚಿ, ಸಂಪು ತುಂಬಿರುವಾಗ, ನೀರಿನ ಮೀಟರಿನ ಅಂಕೆಯನ್ನು ಬರೆದಿಡಬೇಕು. ಯಾರೂ ನೀರು ಮುಟ್ಟದೆ ಬೆಳಗಾದ ಮೇಲೆಯೂ ಅಂಕೆ ಮುಂದಕ್ಕೆ ಸರಿದಿದ್ದರೆ ಕಣ್ಣಿಗೆ ಕಾಣದ ಸೋರಿಕೆ ಎಲ್ಲಿಯೋ ಇದೆ. ಎರಡನೆಯದು ಶೌಚಗೃಹದ ಫ್ಲಷ್ ತೊಟ್ಟಿಯ ಪರೀಕ್ಷೆ. ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿಗಳನ್ನು ತೊಟ್ಟಿಯಲ್ಲಿ ಬೆರಸಿ ಅರ್ಧ ಗಂಟೆ ಸುಮ್ಮನಿರಬೇಕು. ಕೆಳಗಿನ ಬೋಗುಣಿಯಲ್ಲಿ ನೀಲಿ ಕಾಣಿಸಿತೋ, ಒಳಗಿನ ರಬ್ಬರು ಮುಚ್ಚಳ ಸವೆದಿದೆಯೆಂದು ಅರ್ಥ. ಸದ್ದಿಲ್ಲದೆ ಹಗಲಿರುಳೂ ನೀರು ಕಳೆಯುವ ಕಳ್ಳರಲ್ಲಿ ಇವನೇ ಮೊದಲಿಗ.

ನಲ್ಲಿ ತೊಟ್ಟಿಕ್ಕಿದಾಗ ಹೆಚ್ಚಿನವರು ಮಾಡುವ ತಪ್ಪು, ಅದನ್ನು ಇನ್ನಷ್ಟು ಬಲವಾಗಿ ತಿರುಗಿಸುವುದು. ಹಳೆಯ ಮಾದರಿಯ ನಲ್ಲಿಯಲ್ಲಿ ನೀರನ್ನು ತಡೆಯುವುದು ವಾಷರ್ ಎಂಬ ಪುಟ್ಟ ಬಿಲ್ಲೆ. ಸವೆದ ಬಿಲ್ಲೆಯನ್ನು ಒತ್ತಿ ಒತ್ತಿ ಬಿಗಿದರೆ ಅದು ಹರಿಯುತ್ತದೆ. ಕಾಲಕ್ರಮದಲ್ಲಿ ಅದು ಕೂರುವ ಲೋಹದ ಪೀಠವೂ ಕೆಡುತ್ತದೆ. ಕೆಲವೇ ರೂಪಾಯಿಗಳ ವಾಷರ್ ಉಳಿಸಹೋಗಿ ನಲ್ಲಿಯನ್ನೇ ಕಳೆದುಕೊಂಡಂತಾಯಿತು. ಹೊಸ ಮಾದರಿಯ, ಒಂದೇ ಹಿಡಿಯ ನಲ್ಲಿಗಳಲ್ಲಿ ವಾಷರಿನ ಸ್ಥಾನದಲ್ಲಿ ಕಾರ್ಟ್ರಿಜ್ ಇರುತ್ತದೆ. ಅಲ್ಲಿ ಅದನ್ನೇ ಬದಲಿಸಬೇಕು.

ಅಡಿಗೆಮನೆಯ ಸಿಂಕು ಕಟ್ಟುವುದು ಒಂದು ದಿನದ ಅಪರಾಧದಿಂದಲ್ಲ. ಒಗ್ಗರಣೆಯ ಎಣ್ಣೆ, ಕಾಯಿಸಿದ ತುಪ್ಪದ ಗಷ್ಟು, ಕಾಫಿಯ ಚರಟ, ಅನ್ನದ ಅಗುಳು ಇವು ದಿನವೂ ಸ್ವಲ್ಪ ಸ್ವಲ್ಪವಾಗಿ ಇಳಿದು, ಕೊಳವೆಯ ಒಳಮೈಗೆ ಜಿಡ್ಡಿನ ಗಿಲಾವು ಮಾಡುತ್ತವೆ. ಬಾಣಲೆಯನ್ನು ತೊಳೆಯುವ ಮುನ್ನ ಹಳೆಯ ಕಾಗದದಿಂದ ಒರಸುವುದು, ಸಿಂಕಿನ ಬಾಯಿಗೆ ಜಾಲರಿ ಇಡುವುದು, ಚರಟವನ್ನು ಗಿಡದ ಬುಡಕ್ಕೆ ಹಾಕುವುದು, ಇಷ್ಟರಿಂದ ಮುಕ್ಕಾಲು ತೊಂದರೆ ತಪ್ಪುತ್ತದೆ. ಕಟ್ಟಿದ ಮೇಲೆ ಆಸಿಡ್ ಸುರಿಯುವವರು ಕೈಯನ್ನೂ ಕೊಳವೆಯನ್ನೂ ಒಟ್ಟಿಗೆ ಸುಟ್ಟುಕೊಂಡಾರು.

ಮನೆಯಿಂದ ಹೊರಹೋದ ಜಿಡ್ಡು ಮಾಯವಾಗುವುದಿಲ್ಲ. ಬೀದಿಯ ಒಳಚರಂಡಿ ಕಟ್ಟಿಕೊಂಡಾಗ ಅದನ್ನು ಯಾರೋ ಬಿಡಿಸಬೇಕು. ರಕ್ಷಣೆಯಿಲ್ಲದೆ ಮನುಷ್ಯನನ್ನು ಚರಂಡಿಗೂ ಶೌಚಗುಂಡಿಗೂ ಇಳಿಸಬಾರದೆಂದು 2013ರ ಕಾನೂನು ನಿಷೇಧಿಸಿದೆ. ಆದರೂ ಅಲ್ಲಿಯ ವಿಷಾನಿಲಕ್ಕೆ ಸಿಕ್ಕಿ ಸತ್ತವರ ಸುದ್ದಿ ನಿಂತಿಲ್ಲ. ಬಾಣಲೆಯನ್ನು ಒರಸುವ ಕಾಗದದ ಚೂರಿಗೆ ಅಷ್ಟು ದೂರದ ಪುಣ್ಯವೂ ಸೇರಿದೆ.

ಆರು ತಿಂಗಳಿಗೊಮ್ಮೆ ಮಾಳಿಗೆಯ ನೀರಿನ ತೊಟ್ಟಿಯನ್ನು ಬರಿದುಮಾಡಿ ತೊಳೆಯಬೇಕು. ಡೆಂಗ್ಯೂ ಹರಡುವ ಸೊಳ್ಳೆಯ ಮೊಟ್ಟೆ ತೊಟ್ಟಿಯ ಗೋಡೆಗೆ ಅಂಟಿಕೊಂಡು, ತಿಂಗಳುಗಟ್ಟಲೆ ಒಣಗಿದ್ದರೂ, ನೀರು ತಾಗಿದೊಡನೆ ಮರಿಯಾಗಬಲ್ಲದು. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಗೋಡೆಯನ್ನು ಉಜ್ಜಬೇಕು. ಮುಚ್ಚಳ ಭದ್ರವಾಗಿರಲಿ, ಹೆಚ್ಚಾದ ನೀರು ಹೊರಬೀಳುವ ಕೊಳವೆಯ ಬಾಯಿಗೆ ಬಲೆಯಿರಲಿ. ಅದೇ ದಿನ ಮನೆಯ ಮುಖ್ಯ ವಾಲ್ವನ್ನು ಒಮ್ಮೆ ಮುಚ್ಚಿ ತೆರೆಯಬೇಕು. ವರ್ಷಗಟ್ಟಲೆ ಮುಟ್ಟದ ವಾಲ್ವು ಕಚ್ಚಿಕೊಂಡು, ಕೊಳವೆ ಒಡೆದ ನಡುರಾತ್ರಿಯಲ್ಲಿ ತಿರುಗಲು ಒಪ್ಪುವುದಿಲ್ಲ. ವಾಲ್ವು ಎಲ್ಲಿದೆಯೆಂಬುದು ಮನೆಯ ಪ್ರತಿಯೊಬ್ಬರಿಗೂ ತಿಳಿದಿರಬೇಕು. ಮುಂಗಾರಿನ ಮುಂಚೆ ಮಾಳಿಗೆಯ ನೀರಿಳಿಯುವ ಕೊಳವೆಗಳಿಂದ ತರಗೆಲೆ ತೆಗೆಯುವುದು, ಅಂಗಳದ ಚೇಂಬರಿನ ಮುಚ್ಚಳವೆತ್ತಿ ನೋಡುವುದು, ಕೊಳವೆಬಾವಿಯ ಗಡಸು ನೀರಿನ ಮನೆಗಳಲ್ಲಿ ವರ್ಷಕ್ಕೊಮ್ಮೆ ಗೀಸರಿನ ಸುಣ್ಣದ ಪದರವನ್ನೂ ಸುರಕ್ಷಾ ವಾಲ್ವನ್ನೂ ಬಲ್ಲವರಿಂದ ಪರೀಕ್ಷಿಸುವುದು, ಇವೂ ಈ ಪಟ್ಟಿಗೆ ಸೇರಿದವು.

ಇಷ್ಟೆಲ್ಲವನ್ನು ನೆನಪಿಡುವುದು ಹೇಗೆಂದು ಕೇಳುವವರಿಗೆ ಕನ್ನಡದ ಮನೆಯಲ್ಲಿಯೇ ಉತ್ತರವಿದೆ. ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲನ್ನು ತೊಳೆದು, ಹಂಡೆಯನ್ನು ಹುಣಿಸೆಹಣ್ಣಿನಿಂದ ಬೆಳಗಿ, ಹೊಸ ನೀರು ತುಂಬಿ ಪೂಜಿಸುವ 'ನೀರು ತುಂಬುವ ಹಬ್ಬ'ವನ್ನು ಹಿರಿಯರು ಇಟ್ಟರು. ಭಕ್ತಿಯ ಹೆಸರಿನಲ್ಲಿ ವರ್ಷಕ್ಕೊಮ್ಮೆ ನೀರಿನ ಪಾತ್ರೆ ಪಡಗಗಳ ತಪಾಸಣೆಯಾಗುತ್ತಿತ್ತು. ಹಂಡೆಯ ಸ್ಥಾನಕ್ಕೆ ಗೀಸರು, ಬಾವಿಯ ಸ್ಥಾನಕ್ಕೆ ಸಂಪು ಬಂದಿವೆ. ಹಬ್ಬದ ದಿನ ಅವುಗಳಿಗೂ ಸಲ್ಲಬೇಕು. ದೀಪಾವಳಿಗೆ ಒಂದು, ಯುಗಾದಿಗೆ ಒಂದು, ಹೀಗೆ ಎರಡು ತಪಾಸಣೆ ಗೊತ್ತುಮಾಡಿದರೆ ಆರು ತಿಂಗಳ ಲೆಕ್ಕ ತಾನಾಗಿಯೇ ಕೂಡುತ್ತದೆ.

ತಿಂಗಳ ಮೀಟರಿನ ಅಂಕೆ ಬರೆಯುವ ಕೆಲಸವನ್ನು ಮನೆಯ ಹತ್ತು ವರ್ಷದ ಮಗುವಿಗೆ ವಹಿಸಬಹುದು. ಒಂದು ನೋಟುಬುಕ್ಕು, ಒಂದು ಸೀಸದಕಡ್ಡಿ, 'ನಮ್ಮ ಮನೆಯ ನೀರುಗಂಟಿ' ಎಂಬ ಬಿರುದು ಇಷ್ಟು ಕೊಟ್ಟರೆ ಸಾಕು. ಆಮೇಲೆ ಯಾವ ನಲ್ಲಿಯೂ ಭಾನುವಾರದವರೆಗೆ ತೊಟ್ಟಿಕ್ಕಲು ಆ ಅಧಿಕಾರಿ ಬಿಡಲಾರ.