ಬಾಯಿ ತೆರೆಯಲಾರದವರ ಸ್ತುತಿ

ಕಳೆದ ತಿಂಗಳ ಸಂಚಿಕೆಯಲ್ಲಿ ಮನೆಯ ಸಂಜೆಯ ಪ್ರಾರ್ಥನೆಯ ಕ್ರಮವನ್ನು ಕುರಿತು ಬರೆದಿದ್ದೆವು. ಮೊದಲು ಸ್ತೋತ್ರ, ಆಮೇಲೆ ಬೇಡಿಕೆ ಎಂದು ಅಲ್ಲಿ ಸೂಚಿಸಿದ್ದುದು ವಾಚಕರ ನೆನಪಿನಲ್ಲಿರಬಹುದು. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿಯೂ ತಂದೆಯ ನಾಮ, ರಾಜ್ಯ, ಚಿತ್ತಗಳ ಮಾತು ಮುಗಿದ ಮೇಲೆಯೇ ಅನುದಿನದ ಆಹಾರದ ಮಾತು ಬರುವದಷ್ಟೆ. ಅದನ್ನೋದಿದ ತಾಯಿಯೊಬ್ಬರು ನಮಗೆ ಕಾಗದ ಬರೆದಿದ್ದಾರೆ. ಹೋದ ಮಳೆಗಾಲದಲ್ಲಿ ಅವರ ಐದು ವರ್ಷದ ಮಗನು ಜ್ವರದಿಂದ ತೀರಿಕೊಂಡನಂತೆ. "ಸಂಜೆ ಎಲ್ಲರೂ ಕುಳಿತಾಗ ಯಜಮಾನರೂ ದೊಡ್ಡ ಮಕ್ಕಳೂ ಸ್ತೋತ್ರ ಹೇಳುತ್ತಾರೆ; ನನಗೆ ಬಾಯೇ ಬರುವದಿಲ್ಲ. ಹೇಳಿದರೆ ಸುಳ್ಳಾಡಿದಂತೆ, ಹೇಳದಿದ್ದರೆ ದೇವರಿಗೆ ಬೆನ್ನು ತಿರುಗಿಸಿದಂತೆ. ನಾನೇನು ಮಾಡಲಿ?" ಎಂದು ಕೇಳಿದ್ದಾರೆ.

ಇಂಥ ಕಾಗದಕ್ಕೆ ಅವಸರದ ಉತ್ತರ ಸಲ್ಲದು. ಎರಡು ವಾರ ಅದು ನಮ್ಮ ಮೇಜಿನ ಮೇಲೆಯೇ ಇತ್ತು.

ಸ್ತುತಿಯೆಂದರೆ ತುಂಬಿದ ಮನಸ್ಸಿನ ಉಕ್ಕು ಎಂದು ನಾವು ತಿಳಿದಿರುವದರಿಂದಲೇ ಈ ಸಂಕಟವು ಹುಟ್ಟುತ್ತದೆಂದು ತೋರುತ್ತದೆ. ಆದರೆ ಕೀರ್ತನೆಗಳ ಇಬ್ರಿಯ ಭಾಷೆಯಲ್ಲಿ "ಯಾದಾ" ಎಂಬೊಂದು ಧಾತುವುಂಟು. ಅದರ ರೂಪಗಳಲ್ಲಿ ದೇವರನ್ನು ಕೊಂಡಾಡುವದೆಂಬ ಅರ್ಥವೂ ಇದೆ, ಪಾಪವನ್ನು ಒಪ್ಪಿಕೊಳ್ಳುವದೆಂಬ ಅರ್ಥವೂ ಇದೆ. ಲತೀನಿನಲ್ಲಿಯೂ ಹಾಗೆಯೇ; ಅಗಸ್ತೀನನು ಸುಮಾರು 400ನೆಯ ಇಸವಿಯಲ್ಲಿ ಬರೆದು ಮುಗಿಸಿದ ತನ್ನ ಜೀವನವೃತ್ತಾಂತಕ್ಕೆ ಇಟ್ಟ ಹೆಸರು ಈ ಎರಡು ಅರ್ಥಗಳನ್ನೂ ಒಟ್ಟಿಗೆ ಹೊತ್ತಿದೆ. ನಮ್ಮ ಕನ್ನಡದ "ಅರಿಕೆ" ಎಂಬ ಮಾತನ್ನು ನೋಡಿರಿ. ತಪ್ಪನ್ನೂ ಅರಿಕೆ ಮಾಡುತ್ತೇವೆ, ಕಷ್ಟವನ್ನೂ ಅರಿಕೆ ಮಾಡುತ್ತೇವೆ. ಇದ್ದುದನ್ನು ಇದ್ದ ಹಾಗೆ ಒಡೆಯನ ಮುಂದಿಡುವದೇ ಅರಿಕೆ. ಸ್ತೋತ್ರವೂ ಆ ಜಾತಿಯದೇ. "ನೀನು ಒಡೆಯನು" ಎಂದು ಒಪ್ಪಿಕೊಳ್ಳುವದು ಅದರ ತಿರುಳು. "ನಾನು ಸುಖವಾಗಿದ್ದೇನೆ" ಎಂಬ ಮಾತು ಅದರೊಳಗೆ ಎಲ್ಲಿಯೂ ಅಡಗಿಲ್ಲ. ಮಗನು ಹೋದದ್ದು ಒಳ್ಳೆಯದಾಯಿತೆಂದು ಆ ತಾಯಿಯು ಹೇಳಬೇಕೆಂದು ದೇವರು ಕೇಳಿಲ್ಲ. ದುಃಖದ ಮನೆಗೆ ಬಂದು ಕುಳಿತವರು ಕೆಲವರು ಹಾಗೆ ಹೇಳಿಸಲು ಹೊರಡುತ್ತಾರೆ. ಅದು ಅವರ ಅವಿವೇಕ.

ಇಬ್ರಿಯರು ಕೀರ್ತನೆಗಳ ಗ್ರಂಥವನ್ನು "ಸ್ತುತಿಗಳು" ಎಂಬರ್ಥದ ಹೆಸರಿನಿಂದಲೇ ಕರೆದರು. ಅದರೊಳಗಿನ 150 ಕೀರ್ತನೆಗಳಲ್ಲಿಯಾದರೋ ಮೊರೆಯಿಡುವವುಗಳಿಗೆ ಲೆಕ್ಕವಿಲ್ಲ. ಬಹುಮಟ್ಟಿಗೆ ಅಳುವಿನಿಂದ ತೊಡಗಿದ್ದು ಕೊನೆಗೆ ಹಾಡಿಗೆ ತಿರುಗುತ್ತದೆ. 13ನೆಯದರಲ್ಲಿ ಆರೇ ವಚನಗಳೊಳಗೆ ಈ ತಿರುವು ಆಗಿಹೋಗುತ್ತದೆ. 88ನೆಯದು ಮಾತ್ರ ತಿರುಗುವದೇ ಇಲ್ಲ. ಕತ್ತಲೆಯ ಮಾತಿನಲ್ಲಿಯೇ ಅದು ಮುಗಿಯುತ್ತದೆ. ಅದನ್ನು ಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ಅಷ್ಟೇ ಅಲ್ಲ, ಅದರ ಮೊದಲನೆಯ ವಚನವನ್ನು ನೋಡಬೇಕು: ಹಗಲಿರುಳು ಮೊರೆಯಿಡುವ ಆ ಭಕ್ತನು ದೇವರನ್ನು ತನ್ನ ರಕ್ಷಕನೆಂದೇ ಕರೆದು ಮಾತು ತೆಗೆಯುತ್ತಾನೆ. ಒಪ್ಪಿಕೊಳ್ಳುವದು ಅಷ್ಟರಲ್ಲಿಯೇ ಆಯಿತು. ಆಮೇಲೆ ಅವನು ಹೇಳಿದ್ದೆಲ್ಲವೂ ದೂರು.

ಸ್ತುತಿಗೀತೆಗಳಲ್ಲಿ ಅತಿ ಪ್ರಸಿದ್ಧವಾದ "ತೇ ದೇಯುಮ್" ಎಂಬ ಲತೀನು ಗೀತೆಯಿಂದ ಇನ್ನೊಂದು ಸಂಗತಿಯು ತಿಳಿಯುತ್ತದೆ. ಮೊದಲ ಮಾತುಗಳೇ ಅದಕ್ಕೆ ಹೆಸರಾಗಿ ನಿಂತಿವೆ. 387ರಲ್ಲಿ ಮಿಲಾನಿನಲ್ಲಿ ಅಂಬ್ರೋಸನು ಅಗಸ್ತೀನನಿಗೆ ದೀಕ್ಷಾಸ್ನಾನ ಮಾಡಿಸಿದಾಗ ಇಬ್ಬರೂ ಒಂದೊಂದು ವಚನವಾಗಿ ಇದನ್ನು ಆಶುವಾಗಿ ಹಾಡಿದರೆಂಬ ಹಳೆಯ ಕಥೆಯನ್ನು ವಿದ್ವಾಂಸರು ಈಗ ಒಪ್ಪುವದಿಲ್ಲ. ಯೂರೋಪಿನ ಅರಸರು ಯುದ್ಧದಲ್ಲಿ ಗೆದ್ದಾಗ ಇದನ್ನು ಹಾಡಿಸುತ್ತಿದ್ದರು. 1743ರ ಡೆಟ್ಟಿಂಗೆನ್ ಕದನದಲ್ಲಿ ಇಂಗ್ಲೆಂಡಿನ ದೊರೆಯು ಗೆದ್ದುದಕ್ಕಾಗಿ ಹ್ಯಾಂಡೆಲನು ಇದಕ್ಕೆ ರಾಗ ಕಟ್ಟಿದನು. ಸಂಗೀತವು ಘನವಾದದ್ದೇ, ಆದರೆ ಗೆದ್ದಾಗ ಮಾತ್ರ ನೆನಪಿಗೆ ಬರುವ ಸ್ತುತಿಯಲ್ಲಿ ನಮಗೆ ಅಷ್ಟಾಗಿ ನಂಬಿಕೆಯಿಲ್ಲ. ಇಂಗ್ಲೆಂಡಿನ ಸಭೆಯ 1549ರ ಪ್ರಾರ್ಥನಾಗ್ರಂಥವು ಇದನ್ನು ಪ್ರಾತಃಕಾಲದ ಆರಾಧನೆಯಲ್ಲಿ ಸೇರಿಸಿತು. ಗೆಲವೂ ಸೋಲೂ ಇಲ್ಲದ ಸಾಮಾನ್ಯ ಮುಂಜಾವಿಗೆ ಸೇರಿದ್ದೇ ಇದಕ್ಕೆ ಒಪ್ಪುವ ಸ್ಥಾನವೆಂದು ನಮ್ಮ ಅಭಿಪ್ರಾಯ.

ಈ ಗೀತೆಯು ಆದಿಯಿಂದಲೂ "ನಾವು" ಎಂದೇ ನುಡಿಯುತ್ತದೆ. ದೇವದೂತರು, ಅಪೊಸ್ತಲರು, ಪ್ರವಾದಿಗಳು, ರಕ್ತಸಾಕ್ಷಿಗಳು, ಭೂಲೋಕದ ಸಭೆಯೆಲ್ಲ ಹಾಡುವ ದೊಡ್ಡ ಮೇಳದೊಳಗೆ ನಮ್ಮ ದನಿಯೂ ಒಂದು. ಕಟ್ಟಕಡೆಯ ವಚನದಲ್ಲಿ ಮಾತ್ರ, ಭರವಸೆಯ ಮಾತು ಬಂದಾಗ, "ನಾವು" ಹೋಗಿ "ನಾನು" ಬರುತ್ತದೆ. ಒಬ್ಬನೇ ನಿಂತು ಹೇಳಬೇಕಾದದ್ದು ಆ ಒಂದು ಸಾಲು. ಮಿಕ್ಕದ್ದನ್ನೆಲ್ಲ ಕೂಡಿ ಹೇಳಬಹುದು. ಕೂಡಿ ಹೇಳುವಲ್ಲಿ ಒಬ್ಬರ ದನಿ ಕೆಲವು ಕಾಲ ನಿಂತರೆ ಹಾಡು ನಿಲ್ಲುವದಿಲ್ಲ, ನಿಂತವರು ಮೇಳದಿಂದ ಹೊರಗಾಗುವದೂ ಇಲ್ಲ.

ಆದಕಾರಣ ಆ ತಾಯಿಯವರು ಸದ್ಯಕ್ಕೆ ಸುಮ್ಮನೆ ಕುಳಿತಿರಬಹುದು. ಎದ್ದುಹೋಗದೆ ಕುಳಿತಿದ್ದಾರಲ್ಲ, ಅದನ್ನು ನಾವು ಸಣ್ಣದೆಂದು ಎಣಿಸುವದಿಲ್ಲ. ಮನೆಯ ಯಜಮಾನರಲ್ಲಿ ನಮ್ಮ ಬಿನ್ನಹವಿಷ್ಟೆ: ಹೇಳೆಂದು ಅವರನ್ನು ಒತ್ತಾಯಪಡಿಸಬಾರದು; ಅವರ ಮುಖ ನೋಡಿ ಸ್ತೋತ್ರವನ್ನು ಮೊಟಕು ಮಾಡಲೂ ಬಾರದು. ಆ ಮಗುವಿನ ಹೆಸರನ್ನು ಪ್ರಾರ್ಥನೆಯಲ್ಲಿ ಮುಚ್ಚಿಡದೆ, ಐದು ವರ್ಷ ಅವನನ್ನು ಮನೆಗೆ ಕೊಟ್ಟದ್ದಕ್ಕಾಗಿ ಹೆಸರು ಹಿಡಿದೇ ದೇವರನ್ನು ಕೊಂಡಾಡಲಿ. ಹೆಸರು ಕೇಳಿ ತಾಯಿ ಅತ್ತರೆ ಅಳಲಿ, ಪ್ರಾರ್ಥನೆಯನ್ನು ಅಲ್ಲಿಗೆ ನಿಲ್ಲಿಸಬೇಕಾಗಿಲ್ಲ. ಅವರಿಂದ ಇನ್ನೊಂದು ಕಾಗದ ಬಂದರೆ, ಎಷ್ಟು ದಿನದ ಮೇಲೆ ಬಂದರೂ, ಓದಲು ಕಾದಿರುತ್ತೇವೆ.